ಅಕ್ಷರ ಪರದೆಗೆ ಬರುವ ದಾರಿ

ಡಾಸ್ ಎಂಬ ಹಳೆಯ ಕಂಪ್ಯೂಟರ್ ವ್ಯವಸ್ಥೆ ಸತ್ತು ಇಷ್ಟು ವರ್ಷವಾಯಿತು ಎಂದು ಲೆಕ್ಕ ಹೇಳುವವರು ಒಮ್ಮೆ ಸೊಲ್ಲಾಪುರದ ಕಡೆ ಬಂದು ಹೋಗಬೇಕು. ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಚಾದರ, ಟವೆಲ್ ನೇಯುವ ಕಾರ್ಖಾನೆಗಳಿವೆ. ಅತ್ತ ಕರ್ನಾಟಕದ ಗಡಿಗೆ ಹತ್ತಿಕೊಂಡ ದುಧನಿಯಲ್ಲಿ ತೊಗರಿಯ ಅಡತಿ ಅಂಗಡಿಗಳು. ಜಿಎಸ್‌ಟಿ ಬಿಲ್ಲು, ಇ-ವೇ ಬಿಲ್ಲು ಎಲ್ಲ ಹೊಸ ಕಂಪ್ಯೂಟರಿನಲ್ಲೇ ಆಗುತ್ತವೆ. ಆದರೂ ಅಲ್ಲೊಂದು ಇಲ್ಲೊಂದು ಕಡೆ ಮುನೀಮರ ಮೇಜಿನ ಮೇಲೆ ಕಪ್ಪು ಪರದೆ ಉಳಿದಿದೆ. 1990ರ ದಶಕದಲ್ಲಿ ಯಾರೋ ಫಾಕ್ಸ್‌ಪ್ರೊ ಎಂಬ ದತ್ತಾಂಶ ಪ್ಯಾಕೇಜಿನಲ್ಲಿ ಬರೆದುಕೊಟ್ಟ ಕೂಲಿ ಲೆಕ್ಕ, ನೂಲಿನ ಸ್ಟಾಕು, ಹಳೆ ಬಾಕಿಯ ಖತಾವಣಿ ಅದರಲ್ಲಿವೆ. ಬರೆದವರು ಊರು ಬಿಟ್ಟು ಹೋಗಿದ್ದಾರೆ, ಪ್ರೋಗ್ರಾಂ ನಡೆಯುತ್ತಲೇ ಇದೆ.

ಇಂಥ ಕಡೆ ಕೇಳಿಬರುವ ದೂರು ಬಹುಮಟ್ಟಿಗೆ ಒಂದೇ. "ಸ್ಕ್ರೀನ್ ಭಾಳ ಎಳೀಲಿಕ್ಕತ್ತದ ನೋಡ್ರಿ ಸರ. ಒಂದು ಖಾತೆ ತಗದ್ರ ಸಾಲಿಗೆ ಸಾಲು ಬರ್ತದ." ರಿಪೇರಿಯವರ ಉತ್ತರವೂ ಒಂದೇ: ಮಶೀನ್ ಹಳೇದಾಗ್ಯಾದ, ಹೊಸಾದು ತಗೋರಿ. ಹೊಸದು ಬರುತ್ತದೆ, ಕೆಲವೊಮ್ಮೆ ಪರದೆ ಮೊದಲಿಗಿಂತ ನಿಧಾನವಾಗುತ್ತದೆ. ಸಾಹುಕಾರರಿಗೆ ಸಿಟ್ಟು, ಮುನೀಮರಿಗೆ ಒಳಗೊಳಗೇ ಖುಷಿ. ಯಂತ್ರದ ವಯಸ್ಸಿಗೂ ಪರದೆಯ ನಿಧಾನಕ್ಕೂ ನೇರ ಸಂಬಂಧ ಇಲ್ಲ. ಅಕ್ಷರ ಯಾವ ದಾರಿಯಲ್ಲಿ ಪರದೆಗೆ ಬರುತ್ತಿದೆ, ಆ ದಾರಿಯಲ್ಲಿ ಎಲ್ಲಿ ನಿಂತು ನಿಂತು ಬರುತ್ತಿದೆ ಎಂದು ನೋಡದೆ ಈ ರೋಗಕ್ಕೆ ಮದ್ದು ಹೇಳಲಾಗದು.

ಅದಕ್ಕೂ ಮೊದಲು ತಪ್ಪು ಪರದೆಯದ್ದೇ ಹೌದೇ ಎಂದು ಖಾತ್ರಿ ಮಾಡಿಕೊಳ್ಳಬೇಕು. ಇದಕ್ಕೆ ಕಾಸಿನ ಖರ್ಚಿಲ್ಲದ ಪರೀಕ್ಷೆಯೊಂದಿದೆ. ದೊಡ್ಡ ಫೋಲ್ಡರಿನ ಮೇಲೆ ಫೈಲುಗಳ ಪಟ್ಟಿ ತೋರಿಸುವ ಡಿಐಆರ್ ಆದೇಶ ಕೊಟ್ಟು ಎಷ್ಟು ಹೊತ್ತಾಯಿತೆಂದು ಗಡಿಯಾರ ನೋಡಿ. ಆಮೇಲೆ ಅದೇ ಆದೇಶದ ಫಲಿತಾಂಶವನ್ನು ನಲ್ ಎಂಬ ಸಾಧನಕ್ಕೆ ತಿರುಗಿಸಿ. ನಲ್ ಎಂದರೆ ಬಂದದ್ದನ್ನೆಲ್ಲ ನುಂಗಿ ಸುಮ್ಮನಾಗುವ ಹೆಸರಷ್ಟೇ ಇರುವ ಸಾಧನ. ನಲ್‌ಗೆ ಕಳಿಸಿದಾಗಲೂ ಅಷ್ಟೇ ಹೊತ್ತು ಹಿಡಿದರೆ ತಪ್ಪು ಡಿಸ್ಕಿನದು. ನಲ್‌ಗೆ ಕ್ಷಣದಲ್ಲಿ ಮುಗಿದು ಪರದೆಗೆ ಮಾತ್ರ ತಡವಾದರೆ ತಪ್ಪು ಪರದೆಯ ದಾರಿಯಲ್ಲಿದೆ. ಒಂದು ಎಚ್ಚರಿಕೆ: ಮೊದಲ ಸಲ ಓದಿದ್ದು ಸ್ಮಾರ್ಟ್‌ಡ್ರೈವ್‌ನಂಥ ಕ್ಯಾಶ್‌ನಲ್ಲಿ ಉಳಿದಿರುತ್ತದೆ. ಹಾಗಾಗಿ ಎರಡನ್ನೂ ಎರಡೆರಡು ಸಲ ಮಾಡಿ, ಎರಡನೆಯದನ್ನು ನಂಬಬೇಕು.

ಫಾಕ್ಸ್‌ಪ್ರೊದಲ್ಲಿ ಇನ್ನೊಂದು ಹಳೆಯ ಕುತಂತ್ರಿ ಇದ್ದಾನೆ, ಟಾಕ್ ಎಂಬ ಸೆಟ್ಟಿಂಗ್. ಅದು ಆನ್ ಇದ್ದರೆ ಫಾಕ್ಸ್‌ಪ್ರೊ ತಾನು ಮಾಡುವ ಪ್ರತಿ ಲೆಕ್ಕವನ್ನೂ ಬಾಯಿಬಿಟ್ಟು ಹೇಳುತ್ತದೆ, ಎಷ್ಟು ದಾಖಲೆ ಓದಿದೆ ಎಂದು ಎಣಿಸಿ ತೋರಿಸುತ್ತದೆ. ಲೂಪಿನೊಳಗೆ ಕೂಲಿ ಲೆಕ್ಕ ಹಾಕುವ ಪ್ರೋಗ್ರಾಮಿಗೆ ಇದು ದೊಡ್ಡ ಭಾರ. ಪ್ರೋಗ್ರಾಂ ಬರೆದವರು ಮೊದಲ ಸಾಲಿನಲ್ಲೇ ಸೆಟ್ ಟಾಕ್ ಆಫ್ ಹಾಕಿರುತ್ತಾರೆ. ಹಾಕದಿದ್ದರೆ ಫಾಕ್ಸ್‌ಪ್ರೊದ ಕಾನ್ಫಿಗ್ ಫೈಲಿನಲ್ಲಿ ಒಂದು ಸಾಲು ಸೇರಿಸಿದರಾಯಿತು. ಎಣಿಕೆ ಬೇಕೇ ಬೇಕು ಎನ್ನುವವರು ಓಡೋಮೀಟರ್ ಸೆಟ್ಟಿಂಗನ್ನು ನೂರರ ಬದಲು ಸಾವಿರಕ್ಕೋ ಐದು ಸಾವಿರಕ್ಕೋ ಏರಿಸಬಹುದು. ಕಿಟಕಿಗಳ ಹಿಂದೆ ಬೀಳುವ ನೆರಳನ್ನು ಸೆಟ್ ಶಾಡೋಸ್ ಆಫ್ ಎಂದು ತೆಗೆದರೆ ಪ್ರತಿ ಮೆನುವಿಗೂ ಚೂರು ಉಳಿತಾಯ. ಇಷ್ಟರಲ್ಲೇ ಗುಣವಾಗುವ ರೋಗಗಳು ಎಷ್ಟೋ.

ವೈರಸ್ಸನ್ನೂ ಇಲ್ಲೇ ಹೇಳಿ ಮುಗಿಸುತ್ತೇನೆ. 1987ರ ಜೆರುಸಲೇಂ ವೈರಸ್ ನೆನಪಿನಲ್ಲಿ ಕೂತು ಅರ್ಧ ಗಂಟೆಯಾದ ಮೇಲೆ ಯಂತ್ರವನ್ನು ಬೇಕೆಂದೇ ನಿಧಾನ ಮಾಡುತ್ತಿತ್ತು, ಪರದೆಯ ಒಂದು ಮೂಲೆಯನ್ನು ಮೇಲಕ್ಕೆ ಸರಿಸುತ್ತಿತ್ತು. ಕ್ಯಾಸ್ಕೇಡ್ ಎಂಬುದು ಅಕ್ಷರಗಳನ್ನು ಉದುರಿಸುತ್ತಿತ್ತು. ಪುಣೆಯ ವೈರಸ್ ನಿವಾರಕ ಕ್ವಿಕ್ ಹೀಲ್ ಶುರುವಾದದ್ದೂ ಡಾಸ್ ಕಾಲದಲ್ಲೇ. ಫ್ಲಾಪಿ ಹಂಚಿಕೊಳ್ಳುತ್ತಿದ್ದ ಊರಿನಲ್ಲಿ ವೈರಸ್ಸನ್ನು ಮರೆಯುವಂತಿಲ್ಲ.

ಇನ್ನು ದಾರಿಯ ಮಾತು. 1981ರ ಐಬಿಎಂ ಪಿಸಿಯಿಂದ ಇಂದಿನವರೆಗೆ ಡಾಸ್ ಪರದೆ ಎಂದರೆ 80 ಅಕ್ಷರದ 25 ಸಾಲು. ಒಟ್ಟು 2,000 ಜಾಗ, ಒಂದೊಂದಕ್ಕೂ ಅಕ್ಷರಕ್ಕೊಂದು ಬೈಟ್, ಬಣ್ಣಕ್ಕೊಂದು ಬೈಟ್. 4,000 ಬೈಟಿನಲ್ಲಿ ಇಡೀ ಪರದೆ ಮುಗಿಯಿತು. ಈ 4,000 ಬೈಟನ್ನು ತುಂಬಲು ಪ್ರೋಗ್ರಾಮಿಗೆ ಮೂರು ದಾರಿ. ಡಾಸ್‌ಗೆ ಹೇಳಿ ಬರೆಸುವುದು ಮೊದಲನೆಯದು. ಡಾಸ್ ಪ್ರತಿ ಅಕ್ಷರಕ್ಕೂ ಯಾರಾದರೂ ಕಂಟ್ರೋಲ್-ಸಿ ಒತ್ತಿದರೇ ಎಂದು ನೋಡಿಕೊಂಡು, ತನ್ನ ಕನ್ಸೋಲ್ ಡ್ರೈವರಿಗೆ ಒಪ್ಪಿಸುತ್ತದೆ. ಅದು ಬಯಾಸ್‌ಗೆ, ಎಂದರೆ ಯಂತ್ರದೊಳಗೇ ಕೂತ ಮೂಲ ಪ್ರೋಗ್ರಾಮಿಗೆ, ಒಪ್ಪಿಸುತ್ತದೆ. ನಡುವೆ ಬಣ್ಣ, ಕರ್ಸರಿನ ಆಜ್ಞೆ ಗುರುತಿಸುವ ಆನ್ಸಿ ಡ್ರೈವರ್ ಕೂತಿದ್ದರೆ ಅದೂ ಪ್ರತಿ ಅಕ್ಷರವನ್ನು ತಿರುಗಿಸಿ ನೋಡುತ್ತದೆ. ಎರಡನೆಯದು ಡಾಸ್ ಬಿಟ್ಟು ನೇರ ಬಯಾಸ್‌ಗೆ ಹೇಳುವುದು. ಮೂರನೆಯದು ಇಬ್ಬರನ್ನೂ ಬಿಟ್ಟು ವಿಡಿಯೊ ಮೆಮೊರಿಗೆ ತಾನೇ ಬರೆಯುವುದು. ದುಧನಿ ಯಾರ್ಡಿನಲ್ಲಿ ಹಮಾಲರು ಒಂದೊಂದೇ ಚೀಲ ಹೊತ್ತು, ಪ್ರತಿ ಚೀಲಕ್ಕೂ ಗೇಟಿನಲ್ಲಿ ಹೆಸರು ಬರೆಸಿ ಒಳಗೆ ಹೋಗುವುದಕ್ಕೂ ಲಾರಿಯೇ ಗೋದಾಮಿನ ಬಾಗಿಲಿಗೆ ಬಂದು ನಿಲ್ಲುವುದಕ್ಕೂ ಇರುವ ವ್ಯತ್ಯಾಸ ಇದು.

ಮೊದಲ ದಾರಿ ಹಿಡಿದ ಪ್ರೋಗ್ರಾಮಿಗೆ ಪರಿಹಾರ ಇತ್ತು. ಮೈಕ್ರೋಸಾಫ್ಟ್ ಕೊಡುವ ಆನ್ಸಿ ಡ್ರೈವರಿನ ಬದಲಿಗೆ ಡೇನಿಯಲ್ ಕೆಗೆಲ್ ಬರೆದ ನ್ಯಾನ್ಸಿ ಹಾಕಿದರೆ ಸಾಲುಗಳು ಓಡುತ್ತಿದ್ದವು. ಅದನ್ನೇ ಬೆಳೆಸಿ ಟಾಮ್ ಆಲ್ಮಿ ಇನ್ನೊಂದು ಮಾಡಿದರು. ಪ್ರೋಗ್ರಾಮಿನಲ್ಲಿ ಆನ್ಸಿ ಬಳಕೆಯೇ ಇಲ್ಲದಿದ್ದರೆ ಡಾಸ್‌ನ ಕಾನ್ಫಿಗ್ ಫೈಲಿನಿಂದ ಆ ಡ್ರೈವರಿನ ಸಾಲನ್ನೇ ಅಳಿಸುವುದು ಇನ್ನೂ ಒಳ್ಳೆಯದು. ಫಾಕ್ಸ್‌ಪ್ರೊದಂಥ ದೊಡ್ಡ ಪ್ಯಾಕೇಜುಗಳು ಮೂರನೆಯ ದಾರಿಯಲ್ಲೇ ಇದ್ದವು. ಹಾಗಿದ್ದೂ ಅವು ಎಳೆದರೆ ಕಾರಣ ಯಂತ್ರದೊಳಗೆ ಹುಡುಕಬೇಕು.

ಹಳೆಯ ಸಿಜಿಎ ವಿಡಿಯೊ ಕಾರ್ಡಿನಲ್ಲಿ ಒಂದು ವಿಚಿತ್ರ ದೋಷವಿತ್ತು. ಪ್ರೊಸೆಸರ್ ಮೆಮೊರಿಗೆ ಬರೆಯುವ ಕ್ಷಣದಲ್ಲೇ ಕಾರ್ಡು ಅದೇ ಮೆಮೊರಿಯಿಂದ ಓದಿದರೆ ಪರದೆಯ ತುಂಬ ಬಿಳಿ ಚುಕ್ಕಿಗಳು ಹಾರುತ್ತಿದ್ದವು. ಅದಕ್ಕೆ ಹಿಮ ಎನ್ನುತ್ತಿದ್ದರು. ಸೊಲ್ಲಾಪುರದ ಬಿಸಿಲಿನಲ್ಲಿ ಕೂತು ಹಿಮ ನೋಡುವ ಭಾಗ್ಯ! ಅದನ್ನು ತಪ್ಪಿಸಲು ಪ್ರೋಗ್ರಾಮರುಗಳು ಪರದೆ ಮೂಡಿಸುವ ಕಿರಣ ಗೆರೆಯ ಕೊನೆಗೆ ಬರುವವರೆಗೆ ಕಾದು ಬರೆಯುತ್ತಿದ್ದರು. ಸಿಜಿಎ ಸೆಕೆಂಡಿಗೆ ಸುಮಾರು 15,700 ಗೆರೆ ಎಳೆಯುತ್ತದೆ; ಒಂದು ಗೆರೆಗೆ ಒಂದು ಬೈಟಿನಂತೆ ಬರೆದರೆ ಪೂರ್ತಿ ಪರದೆಗೆ ಕಾಲು ಸೆಕೆಂಡು ಬೇಕು. ಮುಂದೆ ವಿಜಿಎ ಕಾರ್ಡು ಬಂದ ಮೇಲೆ ಹಿಮವಿಲ್ಲ, ಆದರೆ ಕಾಯುವ ಕೋಡು ಪ್ರೋಗ್ರಾಮಿನಲ್ಲಿ ಹಾಗೇ ಉಳಿದುಹೋಯಿತು. ಟರ್ಬೊ ಪ್ಯಾಸ್ಕಲ್ ಎಂಬ ಪ್ರೋಗ್ರಾಂ ಭಾಷೆಯಲ್ಲಿ ಚೆಕ್‌ಸ್ನೋ, ಡೈರೆಕ್ಟ್‌ವಿಡಿಯೊ ಎಂಬ ಎರಡು ವೇರಿಯಬಲ್‌ಗಳೇ ಇದ್ದವು. ಮೂಲ ಕೋಡು ಕೈಯಲ್ಲಿದ್ದರೆ ಮೊದಲನೆಯದು ಸುಳ್ಳು, ಎರಡನೆಯದು ನಿಜ ಎಂದು ಬದಲಿಸಿದರೆ ಸಾಕು.

ಬಯಾಸ್‌ನ ಸೆಟಪ್ಪಿನಲ್ಲಿ ಇನ್ನೊಂದು ಗುಟ್ಟಿದೆ. ವಿಡಿಯೊ ಕಾರ್ಡಿನ ಸ್ವಂತ ಬಯಾಸ್ ಒಂದು ರೋಮ್ ಚಿಪ್ಪಿನಲ್ಲಿರುತ್ತದೆ; ರೋಮ್ ಎಂದರೆ ಓದಲು ಮಾತ್ರ ಬರುವ ನೆನಪು. ಅದನ್ನು ಓದುವುದು ನಿಧಾನ. ಅದಕ್ಕಾಗಿ ಯಂತ್ರ ಚಾಲೂ ಆದಾಗಲೇ ಅದರ ಪ್ರತಿಯೊಂದನ್ನು ಮುಖ್ಯ ಮೆಮೊರಿಗೆ ಇಳಿಸಿಕೊಳ್ಳುವ ಏರ್ಪಾಡು ಇತ್ತು, ವಿಡಿಯೊ ಬಯಾಸ್ ಶಾಡೋ ಎಂದು. ಮದರ್‌ಬೋರ್ಡಿನ ಬ್ಯಾಟರಿ ಸತ್ತಾಗ ಸೆಟಪ್ ಮೂಲಸ್ಥಿತಿಗೆ ಮರಳುತ್ತದೆ. ತಾರೀಖು ತಪ್ಪಿದ್ದು ಎಲ್ಲರಿಗೂ ಕಾಣುತ್ತದೆ, ಮತ್ತೆ ತುಂಬುತ್ತಾರೆ. ಅದರ ಜೊತೆಗೆ ಶಾಡೋ ಮತ್ತು ಕ್ಯಾಶ್ ಆಫ್ ಆಗಿರಬಹುದು ಎಂಬುದು ಯಾರ ಕಣ್ಣಿಗೂ ಬೀಳುವುದಿಲ್ಲ. ತಾರೀಖು ತಪ್ಪಿದ ಮರುದಿನದಿಂದ ಪರದೆ ಎಳೆಯತೊಡಗಿತು ಎಂದು ಮುನೀಮರು ಹೇಳಿದರೆ ನೇರ ಸೆಟಪ್ಪಿಗೇ ಹೋಗಿ. 486 ಪೆಟ್ಟಿಗೆಯ ಮುಂದಿನ, ವೇಗ ಬದಲಿಸುವ ಟರ್ಬೊ ಗುಂಡಿಯನ್ನೂ ನೋಡಿ. ಕಸ ಒರೆಸುವಾಗ ಅದು ಒಳಗೋ ಹೊರಗೋ ಆಗಿರುವುದುಂಟು. ಕಾರ್ಡು ತೆಗೆದು ಅದರ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜುವುದು ನಮ್ಮ ಕಡೆಯ ರಿಪೇರಿಯ ಮೊದಲ ಶಾಸ್ತ್ರ. ಅದರಿಂದ ಬೀಪ್ ಸದ್ದು ನಿಂತೀತು, ಪರದೆಗೆ ವೇಗ ಬಾರದು. ಮಾನಿಟರ್ ಮಿನುಗುವುದು, ಅಕ್ಷರ ಮಸುಕಾಗುವುದು ಕೂಡ ಬೇರೆಯೇ ರೋಗ: ಡಾಸ್ ಪರದೆ 720×400 ಚುಕ್ಕಿಯದು, ಸೆಕೆಂಡಿಗೆ 70 ಸಲ ಮೂಡುತ್ತದೆ, ಎಲ್‌ಸಿಡಿ ಅದನ್ನು ಹಿಗ್ಗಿಸಿ ತೋರಿಸುತ್ತದೆ, ಅಷ್ಟೇ.

ಇಲ್ಲಿಯವರೆಗಿನ ಮಾತು ಇಂಗ್ಲಿಷ್ ಅಕ್ಷರದ್ದು. ಸೊಲ್ಲಾಪುರ, ಅಕ್ಕಲಕೋಟದ ನಿಜವಾದ ತೊಡಕು ನಮ್ಮ ಲಿಪಿಗಳಿಂದ ಶುರುವಾಗುತ್ತದೆ. ಗಡಿ ವಿವಾದದ ಬಗ್ಗೆ 1967ರಲ್ಲಿ ಬಂದ ಮಹಾಜನ ವರದಿ ಅಕ್ಕಲಕೋಟ ತಾಲ್ಲೂಕನ್ನು ಆಗಿನ ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದಿತ್ತು, ಅದು ಆಗಲಿಲ್ಲ. ಮನೆಯ ಮಾತು ಕನ್ನಡ, ಕಚೇರಿಯ ಕಾಗದ ಮರಾಠಿ ಎಂಬ ಏರ್ಪಾಡೇ ಉಳಿಯಿತು. ಸೊಲ್ಲಾಪುರದಲ್ಲಿ ನೇಕಾರರ ತೆಲುಗು ಬೇರೆ. ಗಿರಾಕಿಯ ಹೆಸರು, ಊರು ತನಗೆ ಓದಲು ಬರುವ ಲಿಪಿಯಲ್ಲಿ ಬೇಕು ಎಂದು ಇಂಥ ಊರಿನ ಅಂಗಡಿಯವನು ಕೇಳಿದರೆ ಅದು ಷೋಕಿಗಾಗಿ ಕೇಳಿದ್ದಲ್ಲ.

ವಿಜಿಎಯ ಅಕ್ಷರ ಪರದೆಗೆ ಒಂದು ಸಲಕ್ಕೆ 256 ಆಕಾರ ಗೊತ್ತಿರುತ್ತದೆ. ಬಣ್ಣದ ಒಂದು ಬಿಟ್ ಬಿಟ್ಟುಕೊಟ್ಟರೆ 512. ಪ್ರತಿ ಆಕಾರಕ್ಕೆ ಎಂಟು ಚುಕ್ಕಿ ಅಗಲ, ಹದಿನಾರು ಚುಕ್ಕಿ ಎತ್ತರ. ಕನ್ನಡದ ಗುಣಿತ ಮೇಲೆ, ಒತ್ತು ಕೆಳಗೆ, ಎರಡೂ ಈ ಹದಿನಾರರಲ್ಲಿ ಇರುಕಿಕೊಳ್ಳಬೇಕು. ಸಾಲದ್ದಕ್ಕೆ ನಮ್ಮ ಅಕ್ಷರಗಳು ಒಂದೇ ಅಗಲದವಲ್ಲ. "ಸ್ತ್ರೀ" ಎಂಬ ಒಂದು ಅಕ್ಷರಕ್ಕೆ ನೆನಪಿನಲ್ಲಿ ಆರು ಸಂಕೇತ ಬೇಕು. "ಸೊಲ್ಲಾಪುರ" ಕಣ್ಣಿಗೆ ನಾಲ್ಕು ಅಕ್ಷರ, ಸಂಕೇತದಲ್ಲಿ ಒಂಬತ್ತು. ನಡುವೆ ಒಂದು ಹಲಂತ ಚಿಹ್ನೆ ಒತ್ತಿದರೆ ಎರಡು ಅಕ್ಷರ ಕೂಡಿ ಒಂದಾಗುತ್ತದೆ, ಮುಂದಿನದೆಲ್ಲ ಎಡಕ್ಕೆ ಸರಿಯಬೇಕು. ಇಂಗ್ಲಿಷಿನಲ್ಲಿ ಒಂದು ಜಾಗ ಬದಲಿಸಿದರೆ ಮುಗಿಯುವ ಕೆಲಸಕ್ಕೆ ಕನ್ನಡದಲ್ಲಿ ಇಡೀ ಸಾಲನ್ನು ಮತ್ತೆ ಬರೆಯಬೇಕಾಗುತ್ತದೆ.

ಇದಕ್ಕೆ ಉತ್ತರ ಬಂದದ್ದು ಸೊಲ್ಲಾಪುರದಿಂದ ದೂರವಲ್ಲದ ಪುಣೆಯಿಂದ. ಕಾನ್ಪುರದ ಐಐಟಿಯಲ್ಲಿ 1980ರ ದಶಕದಲ್ಲಿ ಮೊಳೆತ ಜಿಸ್ಟ್ ಎಂಬ ತಂತ್ರಜ್ಞಾನವನ್ನು ಮೋಹನ ತಾಂಬೆ ಪುಣೆಯ ಸಿ-ಡ್ಯಾಕ್ ಸಂಶೋಧನಾ ಸಂಸ್ಥೆಗೆ ತಂದು ಬೆಳೆಸಿದರು. 1988ರಲ್ಲಿ ಹುಟ್ಟಿದ ಸಿ-ಡ್ಯಾಕ್ ಜಗತ್ತಿಗೆ ಗೊತ್ತಾದದ್ದು ಪರಮ್ ಎಂಬ ಮಹಾಗಣಕದಿಂದ; ನಮ್ಮಂಥ ಊರಿನ ಅಂಗಡಿಗೆ ಹೆಚ್ಚು ಉಪಕಾರಿಯಾದದ್ದು ಜಿಸ್ಟ್ ಕಾರ್ಡು ಎಂದೇ ನನ್ನ ಲೆಕ್ಕ. ಕಂಪ್ಯೂಟರಿನೊಳಗೆ ಒಂದು ಖಾಲಿ ಸ್ಲಾಟಿಗೆ ಕಾರ್ಡು ಸಿಕ್ಕಿಸಿದರೆ ಡಿಬೇಸ್, ಲೋಟಸ್, ವರ್ಡ್‌ಸ್ಟಾರ್‌ನಂಥ ಇಂಗ್ಲಿಷ್ ಪ್ಯಾಕೇಜುಗಳೇ ಭಾರತೀಯ ಲಿಪಿಯಲ್ಲಿ ನಡೆಯುತ್ತಿದ್ದವು. ಪ್ರೋಗ್ರಾಮಿಗೆ ಇದರ ಸುಳಿವೇ ಇಲ್ಲ. ಅದು ಎಂದಿನಂತೆ ಬೈಟು ಬರೆಯುತ್ತದೆ. ಒತ್ತು, ಗುಣಿತ ಕೂಡಿಸಿ ಚುಕ್ಕಿಯಾಗಿಸುವ ಹೊರೆ ಕಾರ್ಡಿನದು. ಮುಖ್ಯ ಪ್ರೊಸೆಸರ್ 286 ಆದರೂ ಪರದೆ ತಡವರಿಸದೆ ಮೂಡುತ್ತಿದ್ದುದಕ್ಕೆ ಇದೇ ಕಾರಣ.

ಜಿಸ್ಟ್ ಹಿಂದಿದ್ದ ಸಂಕೇತ ವ್ಯವಸ್ಥೆ ಇಸ್ಕಿ. 1991ರಲ್ಲಿ ಭಾರತೀಯ ಮಾನಕ ಸಂಸ್ಥೆ ಅದನ್ನು ಐಎಸ್ 13194 ಎಂದು ಮಾನಕ ಮಾಡಿತು. ಬ್ರಾಹ್ಮಿಯಿಂದ ಬಂದ ನಮ್ಮ ಮುಖ್ಯ ಲಿಪಿಗಳೆಲ್ಲದರ ಕ-ಕಾರಕ್ಕೂ ಒಂದೇ ಸಂಖ್ಯೆ. ಮರಾಠಿಯಲ್ಲಿ ತುಂಬಿದ ಗಿರಾಕಿ ಪಟ್ಟಿಯನ್ನು ಕೀಲಿ ಒತ್ತಿ ಕನ್ನಡದಲ್ಲಿ ನೋಡಬಹುದು, ಬೇಕಾದರೆ ತೆಲುಗಿನಲ್ಲಿ. ಮೂರು ಭಾಷೆಯ ಸೊಲ್ಲಾಪುರಕ್ಕೆ ಇದಕ್ಕಿಂತ ಹೊಂದುವ ವ್ಯವಸ್ಥೆಯನ್ನು ಬೇಕೆಂದು ಕೂತು ಮಾಡಿದ್ದರೂ ಆಗುತ್ತಿರಲಿಲ್ಲ.

ಎಲ್ಲರ ಕೈಗೂ ಕಾರ್ಡು ಎಟುಕುತ್ತಿರಲಿಲ್ಲ. ಕಾರ್ಡಿಲ್ಲದೆ ಸಾಫ್ಟ್‌ವೇರಿನಲ್ಲೇ ಲಿಪಿ ತೋರಿಸುವ ಪ್ಯಾಕೇಜುಗಳು ಬಂದವು, ಸಿ-ಡ್ಯಾಕ್‌ನ ಜಿಸ್ಟ್ ಶೆಲ್ ಅವುಗಳಲ್ಲೊಂದು. ಪರದೆಯ ನಿಧಾನ ಅತ್ಯಂತ ನ್ಯಾಯವಾದ ದೂರಾಗುವುದು ಇಲ್ಲಿ. ಸಾಫ್ಟ್‌ವೇರು ಲಿಪಿ ಬರೆಯಬೇಕಾದರೆ ಪರದೆಯನ್ನು ಚಿತ್ರದ ಸ್ಥಿತಿಗೆ ತರಬೇಕು. 640×480 ಚುಕ್ಕಿ, 16 ಬಣ್ಣ ಎಂದರೆ 1,53,600 ಬೈಟು. ಅಕ್ಷರ ಪರದೆಯ 4,000ದ ಮುಂದೆ ಸುಮಾರು 38 ಪಟ್ಟು. ಇದೆಲ್ಲ ಪ್ರೊಸೆಸರಿಗೂ ಕಾರ್ಡಿಗೂ ನಡುವಿನ ದಾರಿಯಾದ ಎಂಟು ಮೆಗಾಹರ್ಟ್ಸ್‌ನ ಐಎಸ್‌ಎ ಬಸ್ಸಿನ ಮೇಲೆ ಹಾದು ಹೋಗಬೇಕು. ಒಂದು ಸಾಲು ಮೇಲೆ ಸರಿದರೆ ಇಡೀ ಚಿತ್ರ ಸರಿಯಬೇಕು. ವಿಜಿಎಯಲ್ಲಿ ನಾಲ್ಕೂ ಬಣ್ಣದ ಪದರನ್ನು ಒಟ್ಟಿಗೆ ನಕಲಿಸುವ ಸೌಕರ್ಯ ಇದೆ, ಅದನ್ನು ಬಳಸಿದರೆ 38,400 ಸಲ ಓದಿ ಬರೆದರೆ ಸಾಕು; ಹಾಗಿದ್ದೂ ಕಣ್ಣಿಗೆ ಕಾಣುವಷ್ಟು ತಡ ಆಗೇ ಆಗುತ್ತದೆ.

ಇದಕ್ಕೆ ಯಂತ್ರ ಬದಲಿಸುವುದಕ್ಕಿಂತ ಪ್ರೋಗ್ರಾಂ ಬದಲಿಸುವುದು ಮೇಲು. ಖತಾವಣಿಯನ್ನು ಸಾಲು ಸಾಲಾಗಿ ಉರುಳಿಸದೆ ಪುಟಪುಟವಾಗಿ ತೋರಿಸಬೇಕು. ಬದಲಾದ ಕೋಶವನ್ನು ಮಾತ್ರ ಮತ್ತೆ ಬರೆಯಬೇಕು. ಅಂಕಿಗಳ ಪರದೆಯನ್ನು ಅಕ್ಷರ ಸ್ಥಿತಿಯಲ್ಲೇ ಬಿಟ್ಟು ಹೆಸರು, ವಿಳಾಸ ಬರುವ ಪರದೆಗೆ ಮಾತ್ರ ಲಿಪಿ ಹಚ್ಚಬೇಕು. ಬಸ್ಸನ್ನೇ ಅಗಲ ಮಾಡುವ ದಾರಿಯೂ ಇತ್ತು: 1992ರ ವೆಸಾ ಲೋಕಲ್ ಬಸ್, ಅದರ ಬೆನ್ನಿಗೆ ಪಿಸಿಐ. ಐಎಸ್‌ಎಯಿಂದ ಪಿಸಿಐಗೆ ಏರಿದ ದಿನ ಲಿಪಿ ಶೆಲ್ಲುಗಳ ಗೋಳು ಬಹುಪಾಲು ಇಳಿಯಿತು. ಆದರೆ ಅಷ್ಟರಲ್ಲಿ ವಿಂಡೋಸ್ ಬಂದು, ಶ್ರೀಲಿಪಿ, ಬರಹ, ನುಡಿಯಂಥ ಲಿಪಿ ತಂತ್ರಾಂಶಗಳು ಬಂದು, ಇಡೀ ಪ್ರಶ್ನೆಯೇ ಮೂಲೆಗೆ ಸರಿದಿತ್ತು.

ಬ್ಯಾಂಕುಗಳ ಕತೆ ಸ್ವಲ್ಪ ಬೇರೆ. ರಂಗರಾಜನ್ ಸಮಿತಿಯ ಶಿಫಾರಸಿನ ಮೇಲೆ 1980ರ ದಶಕದಲ್ಲಿ ಶಾಖೆಗಳಿಗೆ ಲೆಜರ್ ಪೋಸ್ಟಿಂಗ್ ಯಂತ್ರಗಳು ಬಂದವು. ಯೂನಿಕ್ಸ್ ನಡೆಯುವ ಒಂದು ಕಂಪ್ಯೂಟರಿಗೆ ಹಲವು ಟರ್ಮಿನಲ್ ಜೋಡಿಸಿದ ಕಡೆಗಳಲ್ಲಿ ದಾರಿ ಎಂದರೆ ಸೀರಿಯಲ್ ತಂತಿ. 9,600 ಬಾಡ್ ವೇಗದಲ್ಲಿ ಸೆಕೆಂಡಿಗೆ 960 ಅಕ್ಷರ ಹರಿಯುತ್ತದೆ. 2,000 ಅಕ್ಷರದ ಪರದೆಗೆ ಎರಡು ಸೆಕೆಂಡು. ಅಲ್ಲಿ ಪ್ರೊಸೆಸರ್ ಬದಲಿಸಿ ಏನು ಬಂತು?

ಈಗ ಹೊಸ ಯಂತ್ರದ ವಿಚಾರ. ಹಳೆ ಪ್ರೋಗ್ರಾಂ ಹೊಸ ಯಂತ್ರದಲ್ಲಿ ಮೊದಲು ಸಾಯುವುದು ವೇಗದಿಂದಲೇ. ಟರ್ಬೊ ಪ್ಯಾಸ್ಕಲ್‌ನಲ್ಲಿ ಪರದೆಯ ಕೆಲಸ ನೋಡಿಕೊಳ್ಳುವ ಸಿಆರ್‌ಟಿ ಯೂನಿಟ್ ಶುರುವಿನಲ್ಲೇ ಯಂತ್ರದ ವೇಗ ಅಳೆಯುತ್ತದೆ; ಸುಮಾರು 200 ಮೆಗಾಹರ್ಟ್ಸ್ ದಾಟಿದ ಪ್ರೊಸೆಸರಿನಲ್ಲಿ ಆ ಭಾಗಾಕಾರ ತಪ್ಪಿ ಎರರ್ 200 ಎಂದು ನಿಂತುಬಿಡುತ್ತದೆ. ಫಾಕ್ಸ್‌ಪ್ರೊ 2.6ಕ್ಕೂ ಸೊನ್ನೆಯಿಂದ ಭಾಗಿಸಿದ ಇದೇ ಕಾಯಿಲೆ. ಎರಡಕ್ಕೂ ತೇಪೆ ಹಾಕುವ ಚಿಕ್ಕ ಪ್ಯಾಚುಗಳಿವೆ.

ವಿಂಡೋಸ್ ಎಕ್ಸ್‌ಪಿಯಲ್ಲಿ ಡಾಸ್ ಪ್ರೋಗ್ರಾಂ ಒಂದು ಕಿಟಕಿಯೊಳಗೆ ನಡೆಯುತ್ತದೆ. ಕೀಲಿಗಾಗಿ ಅದು ಸುಮ್ಮನೆ ಸುತ್ತುತ್ತ ಕಾಯುವುದರಿಂದ ಪ್ರೊಸೆಸರ್ ನೂರಕ್ಕೆ ನೂರು ದುಡಿಯುತ್ತದೆ, ಪರದೆ ಕುಂಟುತ್ತದೆ. ಪ್ರಾಪರ್ಟೀಸ್‌ನಲ್ಲಿ ಐಡಲ್ ಸೆನ್ಸಿಟಿವಿಟಿ ಎಂಬ ಜಾರುಗುಂಡಿಯನ್ನು ಎಡಬಲ ಮಾಡಿ ನೋಡಬೇಕು. ಆಲ್ಟ್-ಎಂಟರ್ ಒತ್ತಿ ಪೂರ್ತಿ ಪರದೆಗೆ ಹೋದರೆ ಬಹಳ ಸಲ ಸರಿಹೋಗುತ್ತದೆ. ವಿಸ್ಟಾದ ಹೊಸ ಡಿಸ್‌ಪ್ಲೇ ಡ್ರೈವರುಗಳ ಜೊತೆಗೆ ಆ ಪೂರ್ತಿ ಪರದೆ ಹೋಯಿತು. 64 ಬಿಟ್ ವಿಂಡೋಸ್‌ನಲ್ಲಿ ಡಾಸ್ ನಡೆಸುವ ಭಾಗವೇ ಇಲ್ಲ, 2021ರ ವಿಂಡೋಸ್ 11 ಬರುವುದೇ 64 ಬಿಟ್‌ನಲ್ಲಿ.

ಆಗ ಎಲ್ಲರೂ ಡಾಸ್‌ಬಾಕ್ಸ್ ಹಿಡಿಯುತ್ತಾರೆ. ಅದು ಆಟಗಳಿಗಾಗಿ ಮಾಡಿದ್ದು. ಅದರ ಮೂಲ ಸೆಟ್ಟಿಂಗಿನಲ್ಲಿ ಸಾಮಾನ್ಯ ಡಾಸ್ ಪ್ರೋಗ್ರಾಮಿಗೆ 3,000 ಸೈಕಲ್ ಮಾತ್ರ ಸಿಗುತ್ತದೆ. ಇಂದಿನ ಪ್ರೊಸೆಸರಿನ ಮೇಲೆ 286ರ ನಡಿಗೆ! ಹೊಸ ಕಂಪ್ಯೂಟರಿನಲ್ಲಿ ಹಳೆಯದಕ್ಕಿಂತ ನಿಧಾನ ಎಂಬ ದೂರಿನ ಬೇರು ಅನೇಕ ಸಲ ಇದೇ. ಕಾನ್ಫಿಗ್ ಫೈಲಿನಲ್ಲಿ ಸೈಕಲ್ಸ್ ಮ್ಯಾಕ್ಸ್ ಎಂದು ಬರೆದರೆ ಅಥವಾ ಕಂಟ್ರೋಲ್-ಎಫ್12 ಒತ್ತುತ್ತ ಹೋದರೆ ಪರದೆ ಎದ್ದು ಓಡುತ್ತದೆ. ಲೆಕ್ಕಪತ್ರದ ಪ್ರೋಗ್ರಾಮಿಗೆ ಪ್ರಿಂಟರ್ ಮತ್ತು ಫೈಲ್ ಲಾಕಿಂಗ್ ಬೇಕು, ಹಾಗಾಗಿ ಯೋಸ್ ಸ್ಕಾರ್ಸ್ ಅದೇ ಕೋಡಿನಿಂದ ಬೆಳೆಸಿದ ವಿಡಾಸ್ ಹೆಚ್ಚು ಹೊಂದುತ್ತದೆ. ವರ್ಚುಯಲ್ ಯಂತ್ರದಲ್ಲಿ ಅಕ್ಷರ ಪರದೆ ಪರವಾಗಿಲ್ಲ, ಲಿಪಿ ಶೆಲ್ ಮಾತ್ರ ನರಳುತ್ತದೆ. 16 ಬಣ್ಣದ ಚಿತ್ರ ಪರದೆಯಲ್ಲಿ ಪ್ರತಿ ಬೈಟನ್ನೂ ತಡೆದು ನಟಿಸಿ ತೋರಿಸಬೇಕಾಗುವುದೇ ಅದಕ್ಕೆ ಕಾರಣ.

ಜಿಮ್ ಹಾಲ್ 1994ರಲ್ಲಿ ಶುರುಮಾಡಿದ ಫ್ರೀಡಾಸ್ ಅನ್ನು ನೇರ ಯಂತ್ರದ ಮೇಲೇ ಹಾಕುವವರೂ ಇದ್ದಾರೆ. ಅಲ್ಲೊಂದು ಬೆರಗು: ಗಿಗಾಹರ್ಟ್ಸ್ ಯಂತ್ರದಲ್ಲಿ ಡಿಐಆರ್ ಸಾಲುಗಳು ತೆವಳುತ್ತವೆ. ಪರದೆ ಉರುಳಿಸಲು ಬಯಾಸ್ ವಿಡಿಯೊ ಮೆಮೊರಿಯನ್ನು ಓದಿ ಮತ್ತೆ ಬರೆಯುತ್ತದೆ. ಆ ಮೆಮೊರಿಗೆ ಕ್ಯಾಶ್ ಇಲ್ಲ, ಪಿಸಿಐ ಎಕ್ಸ್‌ಪ್ರೆಸ್ ಮೇಲೆ ಪ್ರತಿ ಓದಿಗೂ ಹೋಗಿ ಬರುವ ತನಕ ಪ್ರೊಸೆಸರ್ ಕಾಯಬೇಕು. ಬರೆಯುವುದು ಸಲೀಸು, ಓದುವುದು ಕಷ್ಟ. ಆದ್ದರಿಂದ ಉರುಳಿಸದೆ ಪುಟ ತಿರುವುವ ಪ್ರೋಗ್ರಾಂ ಇಲ್ಲಿಯೂ ಗೆಲ್ಲುತ್ತದೆ. ಈ ದಾರಿಯೂ ಮುಚ್ಚುತ್ತಿದೆ: ಹಳೆ ಬಯಾಸ್ ಬೆಂಬಲವನ್ನು 2020ರೊಳಗೆ ತೆಗೆಯುವುದಾಗಿ ಇಂಟೆಲ್ 2017ರಲ್ಲೇ ಹೇಳಿತು.

ಕೊನೆಗೆ ಯಂತ್ರ ನಿಲ್ಲುವ ಮೊದಲು ದತ್ತಾಂಶ ಹೊರಗೆ ತೆಗೆಯುವುದೇ ಜಾಣತನ. ಡಿಬಿಎಫ್ ಫೈಲನ್ನು ಲಿಬ್ರೆಆಫೀಸ್ ಈಗಲೂ ತೆರೆಯುತ್ತದೆ. ಅಂಕಿಗಳು ಸರಿಯಾಗಿ ಬರುತ್ತವೆ, ಹೆಸರುಗಳು ಕಲಸಿ ಹೋಗಿರುತ್ತವೆ. ತುಂಬಿದ್ದು ಇಸ್ಕಿಯಲ್ಲಾದರೆ ದಾರಿ ಇದೆ: ವಿಂಡೋಸ್‌ನ ಕೋಡ್‌ಪೇಜ್ 57008 ಅದನ್ನು ಕನ್ನಡ ಯೂನಿಕೋಡಿಗೆ, 57002 ದೇವನಾಗರಿಗೆ ತರುತ್ತದೆ. ಮರಾಠಿಯಲ್ಲಿ ತುಂಬಿದ್ದನ್ನು ಕನ್ನಡಕ್ಕೆ ತಂದರೆ ಊರಿನ ಹೆಸರು "ಸೋಲಾಪೂರ" ಎಂದು ಬರುತ್ತದೆ. ಮರಾಠಿಯಲ್ಲಿ ಹ್ರಸ್ವ ಎ, ಒ ಇಲ್ಲದ್ದರಿಂದ ಅವನ್ನು ಕೈಯಿಂದಲೇ ತಿದ್ದಬೇಕು. ಇಸ್ಕಿ ಬಿಟ್ಟು ಫಾಂಟಿನ ಸಂಕೇತದಲ್ಲಿ ತುಂಬಿದ್ದರೆ ಪ್ರತಿ ಫಾಂಟಿಗೂ ಬೇರೆ ಬೇರೆ ಪರಿವರ್ತಕ ಬೇಕಾಗುತ್ತದೆ. ನಕಲು ಮಾಡುವಾಗ ಡಿಬಿಎಫ್ ಒಂದನ್ನೇ ತಂದು ಕೂರಬೇಡಿ. ಅದೇ ಹೆಸರಿನ ಎಫ್‌ಪಿಟಿ ಫೈಲಿದ್ದರೆ ಉದ್ದ ಟಿಪ್ಪಣಿಗಳೆಲ್ಲ ಅದರಲ್ಲಿರುತ್ತವೆ. ಬಾಕಿದಾರ ಯಾಕೆ ಕೊಟ್ಟಿಲ್ಲ, ಯಾರು ಜಾಮೀನು ಎಂಬುದನ್ನೆಲ್ಲ ಮುನೀಮರು ಬರೆದಿಟ್ಟಿರುವುದು ಅಲ್ಲೇ.